ಸಾಲಿ ದಾಖಲಾತಿ ಫಾರ್ಮಿನ್ಯಾಗ ಅಲರ್ಜಿಗೊಂದು ಕಾಲಂ ಹಾಕ್ರಿ: ಡಿಡಿಪಿಐ, ಡಿಎಚ್‌ಓ ಸಾಹೇಬ್ರಿಗೆ ಒಂದು ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲಾದ ಡಿಡಿಪಿಐ (ಸಾಲಿ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಸಾಹೇಬ್ರಿಗೆ, ಡಿಎಚ್‌ಓ (ಜಿಲ್ಲಾ ಆರೋಗ್ಯಾಧಿಕಾರಿ) ಸಾಹೇಬ್ರಿಗೆ, ಜೋಡಿಗೆ ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕಿ ಆಯುಕ್ತರಿಗೂ,

ನಮಸ್ಕಾರ ರೀ. ನಾನು ಹುಬ್ಬಳ್ಳಿಯೊಳಗ ಮೆಡಿಕಲ್ ಶಾಪ್ ನಡಸಾಂವ. ಡಾಕ್ಟರ್ ಅಲ್ಲ, ಡಿ ಫಾರ್ಮಾ ಓದೇನಿ, ಆದ್ರ ಕೌಂಟರಿನ ಹಿಂದ ನಿಂತು ಈ ಊರಿನ ಕಡಿತ, ಕೆಮ್ಮ, ಸೀನು ಎಲ್ಲಾ ನೋಡಕೋತ ಬಂದೇನಿ. ನಾ ಕೇಳೂದು ಮೊದಲ ಹೇಳಿ ಬಿಡ್ತೀನಿ. ಸಾಲಿ ದಾಖಲಾತಿ ಫಾರ್ಮಿನ್ಯಾಗ ಅಲರ್ಜಿಗೆ ಒಂದು ಕಾಲಂ ಹಾಕ್ರಿ. ಜೋರ ಅಲರ್ಜಿ ಆದಾಗ ಜೀವ ಉಳಸೂ ಅಡ್ರಿನಾಲಿನ್ ಇಂಜೆಕ್ಷನ್ ಸಾಲಿಗೆ ಹತ್ತಿರ ಎಲ್ಲಿ ಸಿಗತೈತಿ, ಯಾರು ಹಾಕ್ತಾರ ಅನ್ನೂದು ಪ್ರತಿ ಹೆಡ್‌ಮಾಸ್ತರಿಗೂ ಗೊತ್ತಿರೂ ಹಂಗ ಮಾಡ್ರಿ. ಮತ್ತ ಶ್ರಮದಾನದ ಹೆಸರಿನ್ಯಾಗ ಹುಡುಗ್ರ ಕೈಲೆ ಕಾಂಗ್ರೆಸ್ ಕಸ (ಪಾರ್ಥೇನಿಯಂ ಗಿಡ) ಕೀಳಸೂದು ಬಂದ್ ಮಾಡ್ರಿ. ಇಷ್ಟ. ಯಾಕ ಅನ್ನೂದು ಸ್ವಲ್ಪ ಉದ್ದ ಐತಿ, ಚಹಾ ತರಿಸ್ಕೊಂಡು ಓದ್ರಿ.

ನಮ್ಮ ಅಂಗಡಿಗೆ ಬರೂ ಮಂದಿಯೊಳಗ ಭಾಳ ಮಂದಿ ಕೇಳೂದು ಒಂದ, "ಅಣ್ಣಾರ, ಅಲರ್ಜಿ ಗುಳಗಿ ಕೊಡ್ರಿ". ಯಾತರ ಅಲರ್ಜಿ ಅಂತ ತಿರುಗಿ ಕೇಳಿದ್ರ ಅವ್ರಿಗೂ ಗೊತ್ತಿರಂಗಿಲ್ಲ. ಒಬ್ರು ಬ್ಯಾಡಗಿ ಮೆಣಸಿನಕಾಯಿ ಯಾರ್ಡಿಗೆ ಹೋಗಿ ಬಂದು ಸೀನಿ ಸೀನಿ ಕಣ್ಣು ಕೆಂಪಗ ಮಾಡ್ಕೊಂಡು ಬರ್ತಾರ, ಅದು ಅಲರ್ಜಿ ಅಲ್ರಿ, ಮೆಣಸಿನಕಾಯಿಯೊಳಗಿನ ಕ್ಯಾಪ್ಸೈಸಿನ್ ಮೂಗಿನ ನರಕ್ಕ ನೇರ ಹೋಗಿ ಉರಿ ಎಬ್ಬಸತೈತಿ, ಆ ಯಾರ್ಡಿನ ಧೂಳಿನ್ಯಾಗ ನಿಂತ್ರ ನೀವೂ ಸೀನ್ತೀರಿ, ನಾನೂ ಸೀನ್ತೀನಿ, ಡಿಸಿ ಸಾಹೇಬ್ರು ಬಂದ್ರ ಅವ್ರೂ ಸೀನ್ತಾರ. ಇನ್ನೊಬ್ರಿಗೆ ಹಾಲು ಕುಡಿದ್ರ ಹೊಟ್ಟಿ ಗುಡುಗುಡು ಅಂತೈತಿ, ಗ್ಯಾಸ್, ಭೇದಿ. ದೊಡ್ಡವರಾದ ಮ್ಯಾಲ ನಮ್ಮ ಕಡೆ ಭಾಳ ಮಂದಿಗೆ ಹಾಲಿನ ಸಕ್ಕರಿ ಅರಗಿಸೂ ಕಿಣ್ವ ಕಡಿಮಿ ಆಗತೈತಿ, ಇದು ಅದ. ಇವ್ರು ಮೊಸರು ತಿಂತಾರ, ಒಂದು ಧಾರವಾಡ ಪೇಡಾ ತಿಂದ್ರೂ ಬಹುತೇಕ ನಡೀತೈತಿ. ಆದ್ರ ಹಾಲಿನ ಪ್ರೋಟೀನಿಗೆ ಖರೇ ಅಲರ್ಜಿ ಇದ್ದ ಕೂಸಿಗೆ ಆ ಪೇಡಾದ ಒಂದು ಚೂರು ಸಾಕು, ಜೀವಕ್ಕ ಬರತೈತಿ. ಇಬ್ರೂ ನನ್ನ ಕಡೆ ಬಂದು ಹೇಳೂದು "ಹಾಲಿನ ಅಲರ್ಜಿ ಐತ್ರಿ" ಅಂತನ.

ಮತ್ತ ಹುಳಕಡ್ಡಿ. ತೊಡಿ ಸಂದ್ಯಾಗ, ಸೊಂಟದ ಸುತ್ತ ದುಂಡಗ ದುಂಡಗ ಎದ್ದಿರ್ತಾವ, ಅಂಚು ಕೆಂಪ, ನಡುವ ಮಾಸಲ, ರಾತ್ರಿ ಕೆರಕೊಂಡು ನಿದ್ದಿ ಇಲ್ಲ. ಅದು ಫಂಗಸ್. ಅದಕ್ಕ ಅಲರ್ಜಿ ಅಂತ ಹೆಸರಿಟ್ಟು ಯಾರೋ ಗೆಳ್ಯಾ ಹೇಳಿದ ಸ್ಟೆರಾಯ್ಡ್ ಕೂಡಿಸಿದ ಮುಲಾಮು ಹಚ್ಚತಾರ, ನಾಲ್ಕು ದಿನ ಕಡಿತ ತಣ್ಣಗಾಗತೈತಿ, ಆಮ್ಯಾಲ ಮನಿ ಮಂದಿಗೆಲ್ಲಾ ಹಬ್ಬಿ ನಿಲ್ಲತೈತಿ. ಇದಕ್ಕ ನಮ್ಮಂಥ ಅಂಗಡಿಯವ್ರೂ ಕಾರಣ ಅದೀವಿ, ಚೀಟಿ ಇಲ್ಲದ ಕೊಡಾವ್ರು ಅದಾರ, ಡಿಎಚ್‌ಓ ಸಾಹೇಬ್ರಿಗೆ ಅದೂ ಗೊತ್ತಿರೂ ಮಾತ.

ಹಿಂಗ ಎಲ್ಲಾದಕ್ಕೂ ಅಲರ್ಜಿ ಅಂದು ಅಂದು ಏನಾಗೇತಿ ಅಂದ್ರ, ಖರೇ ಅಲರ್ಜಿ ಬಂದಾಗ ಯಾರೂ ಹೆದರಂಗಿಲ್ಲ. "ಏ ಅಲರ್ಜಿ ಆಗಿರಬೇಕು ಬಿಡ್ರಿ, ಒಂದು ಅವಿಲ್ ಗುಳಗಿ ಕೊಟ್ರ ಹೋಗತೈತಿ" ಅಂತಾರ. ನನ್ನ ತಕರಾರು ಇರೂದು ಇಲ್ಲೇ.

ಖರೇ ಅಲರ್ಜಿ ಅಂದ್ರ ನಮ್ಮ ಮೈಯೊಳಗಿನ ರೋಗ ತಡಿಯೂ ವ್ಯವಸ್ಥಾನ ಹಾದಿ ತಪ್ಪಿ, ಏನೂ ಮಾಡದ ವಸ್ತುವನ್ನ ವೈರಿ ಅಂತ ತಿಳ್ಕೊಳ್ಳೂದು. ಶೇಂಗಾದ ಪ್ರೋಟೀನ್, ಹೂವಿನ ಪರಾಗ, ತತ್ತಿಯ ಬಿಳಿ ಭಾಗ, ಜೇನುಹುಳದ ವಿಷ, ಪೆನ್ಸಿಲಿನ್, ಯಾವುದರ ಇರಬಹುದು. ಮೊದಲನೇ ಸಲ ಮೈಗೆ ಹೊಕ್ಕಾಗ ಹೊರಗ ಏನೂ ಕಾಣಂಗಿಲ್ಲ, ಒಳಗ ಮಾತ್ರ ಐಜಿಇ ಅನ್ನೂ ಪ್ರತಿಕಾಯ ತಯಾರಾಗಿ ಚರ್ಮದಾಗ, ಮೂಗಿನ್ಯಾಗ, ಶ್ವಾಸನಾಳದಾಗ, ಕರುಳಿನ್ಯಾಗ ಇರೂ ಮಾಸ್ಟ್ ಕೋಶಗಳ ಮ್ಯಾಲ ಹೋಗಿ ಕೂಡತೈತಿ. ಮುಂದಿನ ಸಲ ಅದ ವಸ್ತು ಬಂತಂದ್ರ ಆ ಕೋಶದೊಳಗಿನ ಸಣ್ಣ ಸಣ್ಣ ಚೀಲ ಬಿಚ್ಚಿ ಹಿಸ್ಟಮಿನ್ ಮತ್ತ ಇನ್ನೂ ಏನೇನೋ ರಾಸಾಯನಿಕ ಹೊರಗ ಬೀಳತಾವ. ಜಾತ್ರಿಯೊಳಗ ಯಾರೋ ಒಬ್ಬ "ಕಳ್ಳ ಕಳ್ಳ" ಅಂತ ಕೂಗಿದ್ರ ಮಂದಿ ಹಿಂದ ಮುಂದ ನೋಡದ ಪಾಪದ ಬೀಗರನ್ನ ಹಿಡಕೊಂಡು ಬಡದಂಗ. ರಕ್ತನಾಳ ಸಡಲ ಆಗಿ ಬಿಪಿ ಇಳಿತೈತಿ, ಚರ್ಮದ ಮ್ಯಾಲ ಗಾದರಿ ಏಳತಾವ, ತುಟಿ ನಾಲಿಗಿ ಬಾಯತಾವ, ಶ್ವಾಸನಾಳ ಬಿಗಿತೈತಿ.

"ಇಷ್ಟು ದಿನ ತಿಂದಾನ, ಏನೂ ಆಗಿಲ್ಲ, ಇವತ್ತ ಹೆಂಗ ಆಗತೈತಿ" ಅಂತ ಭಾಳ ತಾಯಂದ್ರು ಕೇಳತಾರ. ಇದಕ್ಕ ಉತ್ತರ ಶತಮಾನದ ಹಿಂದನ ಸಿಕ್ಕೈತಿ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತ ಪೋಲ್ ಪೋರ್ಟಿಯೆ ಅನ್ನೂ ಇಬ್ರು 1901-02ರ ಸುಮಾರಿಗೆ ನಾಯಿಗೆ ಒಂದು ಸಮುದ್ರಜೀವಿಯ ವಿಷ ಸ್ವಲ್ಪ ಚುಚ್ಚಿದ್ರು. ನಾಯಿ ತಡಕೊಂತು. ಮೂರು ವಾರ ಬಿಟ್ಟು ಮತ್ತ ಸ್ವಲ್ಪ ಅದ ವಿಷ ಚುಚ್ಚಿದ್ರ, ರೂಢಿ ಆಗಿ ಇನ್ನೂ ಚಲೋ ತಡಕೊಂತೈತಿ ಅಂತ ಅವ್ರು ತಿಳದಿದ್ರು, ನಾಯಿ ಅರ್ಧ ತಾಸಿನೊಳಗ ಸತ್ತ ಹೋತು. ಅದಕ್ಕ ಅನಾಫಿಲಾಕ್ಸಿಸ್ ಅಂತ ಹೆಸರಿಟ್ರು, ರಿಶೆಗೆ 1913ರಾಗ ನೊಬೆಲ್ ಬಂತು. ಅಂದ್ರ ಮೊದಲ ತಿಂದಾಗ ಏನೂ ಆಗಿಲ್ಲ ಅನ್ನೂದು ಮುಂದಿನ ಸಲಕ್ಕ ಗ್ಯಾರಂಟಿ ಅಲ್ರಿ. ಮೈಗೆ ಗುರ್ತು ಆಗೂದು ಆ ಮೊದಲಿನ ಸಲಗಳೊಳಗನ. ಇನ್ನ ಈ ಐಜಿಇ ಅಂದ್ರೇನು ಅಂತ ಗೊತ್ತಾಗಿದ್ದು 1960ರ ದಶಕದ ಕಡೀಗೆ, ಜಪಾನಿನ ಇಶಿಝಾಕಾ ಗಂಡ-ಹೆಂಡತಿ ಒಂದು ಕಡೆ, ಸ್ವೀಡನ್ನಿನ ತಂಡ ಇನ್ನೊಂದು ಕಡೆ ಕಂಡ ಹಿಡಿದ್ರು.

ಎಲ್ಲಾ ಅಲರ್ಜಿನೂ ಹಿಂಗ ಐದು ನಿಮಿಷದಾಗ ಬರೂ ಜಾತಿ ಅಲ್ಲ ಮತ್ತ. ಟಿಕಳಿ ಹಚ್ಚಿದ ಜಾಗದಾಗ ದುಂಡಗ ಕಡಿತ ಬಂದು ಕಡೀಗೆ ಬೆಳ್ಳಗ ಕಲಿ ಉಳಿಯೂದು ನೋಡೀರಲ್ಲ, ಅದು ಟಿಕಳಿ ಗೋಂದಿನ ರಾಸಾಯನಿಕದ್ದು. ಸ್ವಸ್ತ ಕಿವಿಯೋಲಿಯೊಳಗಿನ ನಿಕಲ್, ಕೂದಲಿಗೆ ಹಚ್ಚೂ ಕರೀ ಬಣ್ಣದಾಗಿನ ಪಿಪಿಡಿ ಅನ್ನೂ ರಾಸಾಯನಿಕ, ಇವೂ ಅದ ಜಾತಿ. ಇದ್ರಾಗ ಐಜಿಇ ಪಾತ್ರ ಇಲ್ಲ, ಟಿ ಕೋಶ ಅನ್ನೂ ಬಿಳಿ ರಕ್ತಕಣಗಳ ಕೆಲಸ, ಒಂದೆರಡು ದಿನ ಬಿಟ್ಟು ಕಾಣಿಸ್ಕೊಳ್ಳತೈತಿ, ಅದಕ್ಕ ಯಾವುದರಿಂದ ಬಂತು ಅಂತ ಮಂದಿಗೆ ಹೊಳಿಯಂಗಿಲ್ಲ, ಮೊನ್ನೆ ಮದುವಿಗೆ ಹಚ್ಚಿದ ಬಣ್ಣ ಮರತು ಇವತ್ತ ತಿಂದ ಬದ್ನಿಕಾಯಿ ಮ್ಯಾಲ ಹಾಕತಾರ.

ಬದ್ನಿಕಾಯಿ ಅಂದಕೂಡ್ಲೆ ನೆನಪಾತು. ಎಣ್ಣಿಗಾಯಿ ತಿಂದ ಮ್ಯಾಲ ಬಾಯಿ ಕಡೀತೈತಿ ಅನ್ನಾವ್ರು ನಮ್ಮ ಕಡೆ ಓಣಿಗೊಬ್ರು. ಮೈಸೂರಿನ್ಯಾಗ ಇದರ ಮ್ಯಾಲ ಅಧ್ಯಯನನ ನಡದೈತಿ, ಕಡೀತೈತಿ ಅಂತ ಹೇಳಿದವ್ರು ಭಾಳ, ಅವ್ರೊಳಗ ಖರೇ ಐಜಿಇ ಸಿಕ್ಕವ್ರು ಭಾಳ ಕಡಿಮಿ. ಬದ್ನಿಕಾಯಿಯೊಳಗ ಹಿಸ್ಟಮಿನ್ ಸ್ವತಃ ಇರತೈತಿ, ಅದು ಕಡೀತೈತಿ, ಮುಗೀತು.

ಈಗ ಒಬ್ಬರಿಗೆ ಬಂದು ಒಬ್ಬರಿಗೆ ಯಾಕ ಬರಂಗಿಲ್ಲ? ಮೊದಲನೇದು ವಂಶ. ಅಪ್ಪಗ ದಮ್ಮು, ಅವ್ವಗ ಮೂಗು ಸೋರೂದು ಇದ್ರ ಮಗನಿಗೆ ಬರೂ ಸಾಧ್ಯತಾ ಹೆಚ್ಚು, ಆದ್ರ ಅಪ್ಪಗ ಇದ್ದ ವಸ್ತುವಿಗೇ ಮಗನಿಗೂ ಬರಬೇಕಂತಿಲ್ಲ, ಅಲರ್ಜಿ ಆಗೂ ಗುಣ ಬರತೈತಿ ಅಷ್ಟ. ಎರಡನೇದು ಚರ್ಮ. ಕೂಸಿನ ಚರ್ಮ ಒಣಗಿ ಬಿರತು ಇಸುಬು ಆಗಿದ್ರ, ಮನಿ ಧೂಳಿನ್ಯಾಗ ಇರೂ ಶೇಂಗಾ ತತ್ತಿಯ ಕಣ ಆ ಬಿರುಕಿನಿಂದ ಒಳಗ ಹೋಗತಾವ, ಚರ್ಮದ ದಾರಿಲೆ ಒಳಗ ಹೋದದ್ದನ್ನ ಮೈ ವೈರಿ ಅಂತ ತಿಳಿತೈತಿ, ಬಾಯಿಲೆ ಹೊಟ್ಟಿಗೆ ಹೋದದ್ದನ್ನ ಊಟ ಅಂತ ಒಪ್ಪತೈತಿ. ಇದನ್ನ ಮನಸ್ಸಿನ್ಯಾಗ ಇಟ್ಕೊಂಡು ಲಂಡನ್ನಿನ್ಯಾಗ ಒಂದು ದೊಡ್ಡ ಅಧ್ಯಯನ ಮಾಡಿದ್ರು, ಲೀಪ್ ಅಂತ ಹೆಸರು, 2015ರಾಗ ಪ್ರಕಟ ಆತು. ಇಸುಬು ಅಥವಾ ತತ್ತಿ ಅಲರ್ಜಿ ಇದ್ದ 640 ಕೂಸು, 4ರಿಂದ 11 ತಿಂಗಳಿನವು. ಅರ್ಧ ಕೂಸಿಗೆ ಶೇಂಗಾ ತಿನಸ್ಕೋತ ಹೋದ್ರು, ಅರ್ಧಕ್ಕ ಪೂರ್ತಿ ಬಿಡಿಸಿದ್ರು. 5 ವರ್ಷ ತುಂಬಿದಾಗ ನೋಡಿದ್ರ ಬಿಡಿಸಿದ ಗುಂಪಿನ್ಯಾಗ 100ಕ್ಕ ಸುಮಾರು 17 ಮಂದಿಗೆ ಶೇಂಗಾ ಅಲರ್ಜಿ, ತಿನಿಸಿದ ಗುಂಪಿನ್ಯಾಗ ಸುಮಾರು 3. ಅದಕ್ಕಿಂತ ಮೊದಲ ವಿದೇಶದ ಡಾಕ್ಟರೆಲ್ಲಾ "ಸಣ್ಣ ಕೂಸಿಗೆ ಶೇಂಗಾ ಕೊಡಬ್ಯಾಡ್ರಿ" ಅಂತಿದ್ರು, ಈಗ ಉಲ್ಟಾ ಹೇಳತಾರ. ನಮ್ಮ ಮನ್ಯಾಗ ಅಜ್ಜಿ ಶೇಂಗಾ ಹಿಂಡಿ ಬೆರಳಿಗೆ ಹಚ್ಚಿ ಕೂಸಿನ ಬಾಯಿಗೆ ಸವರಿದ್ರ ಬೈಯಬ್ಯಾಡ್ರಿ. ಇಡೀ ಕಾಳು ಮಾತ್ರ ಕೊಡಬಾರದು, ಗಂಟಲಕ್ಕ ಸಿಗತೈತಿ, ಮತ್ತ ಜೋರ ಇಸುಬು ಇದ್ದ ಕೂಸಿಗೆ ಡಾಕ್ಟರ್‌ನ ಕೇಳಿ ಶುರು ಮಾಡಬೇಕು.

ಮೂರನೇದು ನಾವು ಬದುಕೂ ರೀತಿ. 1989ರಾಗ ಡೇವಿಡ್ ಸ್ಟ್ರಾಚನ್ ಅನ್ನೂ ಬ್ರಿಟನ್ನಿನ ಸಂಶೋಧಕ, ಮನ್ಯಾಗ ಅಣ್ಣ ಅಕ್ಕ ಹೆಚ್ಚಿದ್ದ ಹುಡುಗ್ರಿಗೆ ಪರಾಗದ ನೆಗಡಿ ಕಡಿಮಿ ಅಂತ ತೋರಿಸಿದ. 2016ರಾಗ ಅಮೆರಿಕದ ಆಮಿಶ್ ಮತ್ತ ಹಟರೈಟ್ ಅನ್ನೂ ಎರಡು ಒಕ್ಕಲುತನದ ಸಮುದಾಯ ಹೋಲಿಸಿದ್ರು, ಮೂಲ ಒಂದ ಕಡೆ, ಊಟ ಸುಮಾರು ಒಂದ, ಆದ್ರ ಆಮಿಶ್ ಹುಡುಗ್ರು ಮನಿ ಬಾಜೂಕ ಇರೂ ದನದ ಕೊಟಗಿಯೊಳಗ ಆಡಿ ಬೆಳದವ್ರು, ಹಟರೈಟ್ ಕಡೆ ದೊಡ್ಡ ಯಂತ್ರದ ಫಾರ್ಮು ಮನಿಯಿಂದ ದೂರ. ಆಮಿಶ್ ಹುಡುಗ್ರೊಳಗ ದಮ್ಮು ಹಟರೈಟ್ ಹುಡುಗ್ರೊಳಗ ಇದ್ದದ್ದರ ಸುಮಾರು ನಾಲ್ಕನೇ ಒಂದು ಪಾಲು ಅಷ್ಟ. ನಮ್ಮ ಹಳೇ ಮನಿಯೊಳಗ ತಲಬಾಗಲ ದಾಟಿದ್ರ ಮೊದಲ ಸಿಗೂದು ಗ್ವಾದ್ಲಿ, ಆಮ್ಯಾಲ ಪಡಸಾಲಿ. ಈಗ ವಿದ್ಯಾನಗರದ ಅಪಾರ್ಟ್‌ಮೆಂಟಿನ್ಯಾಗ ದನ ಕಟ್ಟಾಕ ಆಗಂಗಿಲ್ಲ, ಕಟ್ರಿ ಅಂತ ನಾನೂ ಅನ್ನಂಗಿಲ್ಲ, ಕೈ ತೊಳಿಯೂದೂ ಬಿಡಬ್ಯಾಡ್ರಿ. ಆದ್ರ ಹುಡುಗ್ರನ್ನ ಮಣ್ಣು ಮುಟ್ಟಿಸದ ಬೆಳಸೂದು ಏನು ದೊಡ್ಡಸ್ತಿಕಿ ಅಲ್ಲ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ ಧೂಳಿಗೆ ಎಲ್ರೂ ಬೈತೀವಿ, ರಸ್ತಾ ಅಗದ್ರು, ಫ್ಲೈಓವರ್ ಹೊಡದ್ರು, ಮೂಗು ಹಾಳಾತು ಅಂತ. ಖರೇ, ದಮ್ಮು ಇದ್ದವ್ರಿಗೆ ಅದು ಕೆರಳಸತೈತಿ. ಆದ್ರ ವರ್ಷಪೂರ್ತಿ ಮುಂಜಾನೆ ಎದ್ದಕೂಡ್ಲೆ ಸಾಲಾಗಿ ಸೀನೂ ಮಂದಿಗೆ ಭಾಳ ಸಲ ಕಾರಣ ರಸ್ತಾ ಅಲ್ಲ, ಹಾಸಗಿ. ಒಂದು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಸಣ್ಣ ಹುಳ, ಡಸ್ಟ್ ಮೈಟ್ ಅಂತಾರ, ನಮ್ಮ ಮೈಯಿಂದ ಉದುರೂ ಚರ್ಮದ ಹೊಟ್ಟು ತಿಂದು ಗಾದಿ ದಿಂಬು ಕೌದಿಯೊಳಗ ಸಂಸಾರ ಮಾಡ್ತಾವ, ಅವುಗಳ ಹಿಕ್ಕಿ ಮೂಗಿಗೆ ಹೋಗೂದನ ತ್ರಾಸು. ಹೊದಿಕಿ ದಿಂಬಿನ ಗವಸು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಾಗ ಒಗದ್ರ ಸಾಯತಾವ. ಕೌದಿ ಬಕೆಟಿನ್ಯಾಗ ಹಿಡಿಯೂ ವಸ್ತು ಅಲ್ಲ, ಹತ್ತು ಸೀರಿ ಕೂಡಿಸಿ ಹೊಲದದ್ದು, ಅದನ್ನ ಕಡು ಬಿಸಲಿಗೆ ಮಾಳಗಿ ಮ್ಯಾಲ ಹರವಿ, ಝಾಡಿಸಿ, ಒಗಿಯೂ ದಿನ ಕುದಿಯೂ ನೀರು ಹಾಕಬೇಕು, ಮತ್ತ ಝಾಡಸಾವ್ರು ಸೀನೂ ಮನಿಷ್ಯಾ ಆಗಿರಬಾರದು.

ಈಗ ಸಾಲಿ ಮಾತಿಗೆ ಬರ್ತೀನಿ, ನಿಮಗ ಬರದದ್ದು ಇದಕ್ಕನ. ಜಗತ್ತಿನ್ಯಾಗ ಊಟದ ಅಲರ್ಜಿ ಹೆಚ್ಚು ಮಾಡೂ ಪದಾರ್ಥ ಯಾವು ಅಂದ್ರ ಹಾಲು, ತತ್ತಿ, ಶೇಂಗಾ, ಗೋಡಂಬಿ ಬದಾಮಿ ಜಾತಿಯವು, ಗೋಧಿ, ಸೋಯಾ, ಮೀನು, ಸಿಗಡಿ, ಎಳ್ಳು. ಇದ್ರೊಳಗ ಹಾಲು 2013ರಿಂದ ಕ್ಷೀರಭಾಗ್ಯದಾಗ ಸಾಲಿಗೆ ಬಂದೈತಿ, ತತ್ತಿ ಬಂದೈತಿ, ಶೇಂಗಾ ಚಿಕ್ಕಿನೂ ಬಂದಿತ್ತು. ಭಾಳ ಚಲೋ ಕೆಲಸ, ಹಸದ ಹೊಟ್ಟಿಗೆ ತತ್ತಿ ಕೊಡೂದಕ್ಕ ನಾ ಅಡ್ಡ ಮಾತಾಡಂಗಿಲ್ಲ, ಈ ಪತ್ರ ಹಿಡಕೊಂಡು ಯಾರರ ತತ್ತಿ ಬಂದ್ ಮಾಡ್ರಿ ಅಂದ್ರ ಅವ್ರ ಕಡೆ ನಾನಿಲ್ಲ. ನೂರಾರು ಹುಡುಗ್ರೊಳಗ ಒಬ್ಬಿಬ್ರಿಗೆ ಅದು ಆಗಂಗಿಲ್ಲ, ಆ ಒಬ್ಬಿಬ್ರು ಯಾರು ಅನ್ನೂದು ಸಾಲಿಗೆ ಗೊತ್ತಿರಬೇಕು, ಅಷ್ಟ.

ಒಂದು ಸಾಲ್ಯಾಗ, ಯಾವುದು ಅಂತ ಹೇಳಂಗಿಲ್ಲ, ಗೆಳ್ಯಾನ ಹುಟ್ಟುಹಬ್ಬಕ್ಕ ಶೇಂಗಾ ಉಂಡಿ ಹಂಚಿದ್ರು. ಮೂರನೆತ್ತೆ ಹುಡುಗ ಎರಡು ತುತ್ತು ತಿಂದಾನ. ಹತ್ತು ಹದಿನೈದು ನಿಮಿಷದಾಗ ಕುತಗಿ ತುಂಬ ಗಾದರಿ, ತುಟಿ ಬಾತು, ಒಂದು ಸಲ ವಾಂತಿ. ಅಕ್ಕೋರು ಪಿತ್ತ ಆಗಿರಬೇಕು ಅಂತ ಲಿಂಬಿಹಣ್ಣಿನ ಪಾನಕ ಕುಡಿಸಿ ಕೂಡಿಸ್ಯಾರ, ಅಪ್ಪಗ ಫೋನ್ ಮಾಡ್ಯಾರ. ಅಪ್ಪ ಹುಡುಗನ್ನ ಸ್ಕೂಟಿ ಮುಂದ ನಿಂದರಿಸ್ಕೊಂಡು ಸೀದಾ ನಮ್ಮ ಅಂಗಡಿಗೆ ಬಂದ. ಕೈಯಾಗ ನೋಟು ಹಿಡಕೊಂಡು, "ಅಣ್ಣಾರ ಒಂದು ಅವಿಲ್ ಕೊಡ್ರಿ ಲಗೂನ" ಅಂದ. ಹುಡುಗ "ಪಪ್ಪಾ" ಅಂದದ್ದು ಕೇಳಿಸ್ತು ನನಗ, ದನಿ ಒಡದ ಹೋಗಿತ್ತು, ಉಸರಾಡಿದ್ರ ಎದಿಯೊಳಗ ಸಿಳ್ಳಿ, ಮಾರಿ ಬೆಳಚ. "ಗುಳಗಿ ಬ್ಯಾಡ್ರಿ, ಮೊದಲ ದವಾಖಾನಿ" ಅಂತ ನಮ್ಮ ಹುಡುಗನ್ನ ಜೋಡಿ ಕಳಿಸಿ ಬಾಜೂಕಿನ ಆಸ್ಪತ್ರಿಗೆ ಆಟೋದಾಗ ಒಯ್ಸಿದೆ. ಅಲ್ಲಿ ಡಾಕ್ಟರ್ ತೊಡಿಗೆ ಅಡ್ರಿನಾಲಿನ್ ಹಾಕಿದ್ರು. ಸ್ವಲ್ಪ ಹೊತ್ತಿನ್ಯಾಗ ದನಿ ತಿರುಗಿ ಬಂತು, ರಾತ್ರಿತನಕಾ ಇಟ್ಕೊಂಡು ಕಳಿಸಿದ್ರು, ಯಾಕಂದ್ರ ಇಳದ ಮ್ಯಾಲ ಕೆಲವು ತಾಸು ಬಿಟ್ಟು ಮತ್ತ ಏಳೂದೂ ಇರತೈತಿ. ಮರದಿನ ಸಾಲಿಯವ್ರು ಅಂದದ್ದು "ನೀವು ಮೊದಲ ಹೇಳಬೇಕಿತ್ರಿ". ಅಪ್ಪ ಹೇಳಿದ್ದ, ಹೆಸರು ಹಚ್ಚಾಕ ಹೋದಾಗ ಬಾಯಿಲೆ ಹೇಳಿದ್ದ. ಬರಿಯಾಕ ಜಾಗ ಇರಲಿಲ್ಲ. ಆ ವರ್ಷ ಹೆಸರು ಹಚ್ಚಿಕೊಂಡ ಅಕ್ಕೋರು ವರ್ಗ ಆಗಿ ಹೋಗಿದ್ರು.

ಇದ್ರಾಗ ಯಾರೂ ಕೆಟ್ಟವ್ರಿಲ್ಲ ನೋಡ್ರಿ. ಪಿತ್ತ ಅನ್ನೂದು ನಮ್ಮ ಕಡೆ ಎಲ್ರ ಬಾಯಾಗ ಬರೂದನ. ಗೊತ್ತಿರಬೇಕಾದದ್ದು ಏನಂದ್ರ: ಬರೇ ಗಾದರಿ, ಬರೇ ಕಡಿತ ಇದ್ರ ಅವಿಲ್, ಸೆಟ್ರಿಜಿನ್ ನಡೀತೈತಿ. ಗಾದರಿ ಜೋಡಿ ಉಸಿರು ಬಿಗಿಯೂದು, ದನಿ ಒಡಿಯೂದು, ಮ್ಯಾಲಿಂದ ಮ್ಯಾಲ ವಾಂತಿ, ತಲಿ ತಿರಗೂದು ಇದ್ರೊಳಗ ಒಂದು ಸೇರಿದ್ರೂ ಅದು ಅನಾಫಿಲಾಕ್ಸಿಸ್, ಅದಕ್ಕ ಮೊದಲನೇ ಔಷಧ ತೊಡಿಯ ಹೊರಮಗ್ಗಲಿಗೆ ಸ್ನಾಯುವಿಗೆ ಹಾಕೂ ಅಡ್ರಿನಾಲಿನ್. ಗುಳಗಿ ಹಿಸ್ಟಮಿನ್ ಒಂದನ್ನ ತಡಿತೈತಿ, ಅದೂ ನಿಧಾನಕ. ಅಡ್ರಿನಾಲಿನ್ ಸಡಲಾದ ರಕ್ತನಾಳ ಬಿಗಿ ಮಾಡತೈತಿ, ಬಿಗದ ಶ್ವಾಸನಾಳ ಬಿಚ್ಚತೈತಿ, ಎರಡೂ ಕೂಡೇ. ಹುಡುಗನ್ನ ಅಂಗಾತ ಮಲಗಿಸಿ ಕಾಲು ಎತ್ತರ ಇಡಬೇಕು, ಉಸಿರು ಭಾಳ ಸಿಗವಲ್ದಂದ್ರ ಕೂಡಸ್ರಿ, ಎಬ್ಬಿಸಿ ನಡಸಬಾರದು, ಸ್ಕೂಟಿ ಮ್ಯಾಲ ನಿಂದರಸೂದಂತೂ ಬ್ಯಾಡೇಬ್ಯಾಡ, 108ಕ್ಕ ಫೋನ್ ಹಚ್ಚಬೇಕು.

ಅಡ್ರಿನಾಲಿನ್ ಆಂಪೂಲ್ ಭಾಳ ಸ್ವಸ್ತ ಔಷಧ, ಅತ್ಯಗತ್ಯ ಔಷಧ ಪಟ್ಟಿಯೊಳಗ ಐತಿ. ಲಸಿಕಿ ಹಾಕೂ ಎಎನ್‌ಎಂ ಅಕ್ಕೋರ ಕಡೆ ಅನಾಫಿಲಾಕ್ಸಿಸ್ ಕಿಟ್ ಇರಬೇಕು ಅಂತ ಸರಕಾರನ ನಿಯಮ ಮಾಡೇತಿ. ಅಂದ್ರ ವಸ್ತುನೂ ಐತಿ, ಕಲ್ತ ಕೈನೂ ಅದಾವ, ಸಾಲಿಗೆ ಮತ್ತ ಅವ್ರಿಗೆ ನಡುವ ಒಂದು ಫೋನ್ ನಂಬರ್ ಇಲ್ಲ ಅಷ್ಟ. ಆರ್‌ಬಿಎಸ್‌ಕೆ ಅನ್ನೂ ಮಕ್ಕಳ ಆರೋಗ್ಯ ತಪಾಸಣಾ ಯೋಜನಾದ ಡಾಕ್ಟರ್ ತಂಡ ವರ್ಷಕ್ಕೊಮ್ಮೆ ಸರಕಾರಿ ಸಾಲಿಗೆ ಬರತೈತಿ, ಹಲ್ಲು, ಕಣ್ಣು, ದಮ್ಮು ನೋಡತೈತಿ, ಅವ್ರ ಪಟ್ಟಿಯೊಳಗ ಊಟದ ಅಲರ್ಜಿ ಇಲ್ಲ. ಡಿಎಚ್‌ಓ ಸಾಹೇಬ್ರ, ಒಂದು ಪ್ರಶ್ನಿ ಹೆಚ್ಚಿಗಿ ಕೇಳಸಾಕ ಬೆಂಗಳೂರಿನ ಆದೇಶ ಬೇಕಾಗಂಗಿಲ್ಲ ಅನಸ್ತೈತಿ ನನಗ.

ಈ ಕಾಲಂ ತುಂಬೂ ಮುಂದ ಒಂದು ಎಚ್ಚರ. ಈಗ ಊರ ತುಂಬ "ಅಲರ್ಜಿ ಪ್ಯಾಕೇಜ್" ಅಂತ ರಕ್ತ ಪರೀಕ್ಷಾ ಬಂದಾವ, ಪುಟಗಟ್ಲೆ ರಿಪೋರ್ಟ್, ಅದ್ರಾಗ ಅಕ್ಕಿ, ಬ್ಯಾಳಿ, ಬಾಳಿಹಣ್ಣು ಎಲ್ಲಾ ಕೆಂಪ ಗೆರಿ. ಅದನ್ನ ನೋಡಿ ಕೂಸಿಗೆ ಅರ್ಧ ಊಟ ಬಿಡಿಸಿ ಸೊರಗಿಸಿದ ತಾಯಂದ್ರನ್ನ ನೋಡೇನಿ. ನಮ್ಮ ಕರ್ನಾಟಕದಾಗ, ಬೆಂಗಳೂರು ಮೈಸೂರು ಕಡೆ 10,000ಕ್ಕ ಮಿಕ್ಕಿ ದೊಡ್ಡವರ ಮ್ಯಾಲ ನಡದ ಯೂರೋಪ್ರಿವಾಲ್ ಅನ್ನೂ ಊಟದ ಅಲರ್ಜಿ ಅಧ್ಯಯನದಾಗ, ಯಾವುದರ ಒಂದು ಊಟಕ್ಕ ಐಜಿಇ ಇದ್ದವ್ರು 100ಕ್ಕ ಸುಮಾರು 26 ಮಂದಿ, ತಿಂದಾಗ ಖರೇ ತ್ರಾಸು ಆಗೂ ಲಕ್ಷಣ ಇದ್ದವ್ರು 100ಕ್ಕ ಒಬ್ಬರ ಸುತ್ತಮುತ್ತ. ರಿಪೋರ್ಟ್ ಪಾಸಿಟಿವ್ ಬಂದದ್ದಕ್ಕ ಅಲರ್ಜಿ ಅನ್ನಂಗಿಲ್ಲ, ತಿಂದಾಗ ಏನಾತು ಅನ್ನೂದು ಮುಖ್ಯ. ಐಜಿಜಿ ಅನ್ನೂ ಇನ್ನೊಂದು ಪ್ರತಿಕಾಯದ ಪರೀಕ್ಷಾ ಅಂತೂ ಊಟದ ಅಲರ್ಜಿಗೆ ಉಪಯೋಗನ ಇಲ್ಲ, ರೊಕ್ಕ ದಂಡ. ಅದಕ್ಕ ಕಾಲಂನ್ಯಾಗ ರಿಪೋರ್ಟ್ ಕೇಳಬ್ಯಾಡ್ರಿ, ಘಟನಾ ಕೇಳ್ರಿ.

ಪಾಲಿಕಿ ಆಯುಕ್ತರ, ನಿಮ್ಮ ಪಾಲು ಕಾಂಗ್ರೆಸ್ ಕಸದ್ದು. 1950ರ ದಶಕದಾಗ ಪುಣೆಯೊಳಗ ಮೊದಲ ಗುರ್ತಿಸಿದ ಈ ಕಸ ಅಮೆರಿಕದ ಗೋಧಿ ಜೋಡಿ ಬಂತು ಅಂತಾರ, ಈಗ ನಮ್ಮ ಕಡೆ ಖಾಲಿ ಸೈಟ್, ಗಟಾರ ಬಾಜು, ಸಾಲಿ ಮೈದಾನ ಯಾವುದೂ ಬಿಟ್ಟಿಲ್ಲ. ಒಂದು ಗಿಡ ಸಾವಿರಾರು ಬೀಜ ಉದುರಸತೈತಿ. ಇದರ ಪರಾಗ ಮೂಗಿಗೆ ಹೋದ್ರ ಸೀನು ದಮ್ಮು, ಇದ್ರೊಳಗಿನ ಪಾರ್ಥೆನಿನ್ ಅನ್ನೂ ರಾಸಾಯನಿಕ ಚರ್ಮಕ್ಕ ತಾಗಿದ್ರ ಕಣ್ಣರೆಪ್ಪಿ, ಕುತಗಿ, ಮೊಣಕೈ ಸಂದ್ಯಾಗ ಚರ್ಮ ದಪ್ಪ ಆಗಿ ಕರ್ರಗ ಆಗಿ ನೀರು ಸೋರತೈತಿ, ಬಿಸಲಿಗೆ ಹೋದ್ರ ಇನ್ನೂ ಕೆರಳತೈತಿ. ಹೊಲದಾಗ ಕೆಲಸಾ ಮಾಡೂ ಹಿರೇರು ಹಿಂಗ ಆಗಿ ಹೊಲಕ್ಕ ಹೋಗೂದನ ಬಿಟ್ಟದ್ದು ಗದಗ, ಹಾವೇರಿ ಕಡೆ ಯಾರನ್ನ ಕೇಳಿದ್ರೂ ಹೇಳತಾರ. ಕರ್ನಾಟಕ ಸರಕಾರ 1975ರಾಗನ ಇದನ್ನ ಹಾನಿಕಾರಕ ಕಳೆ ಅಂತ ಘೋಷಣಾ ಮಾಡೇತಿ. 1984ರಾಗ ಇದನ್ನ ತಿನ್ನೂ ಮೆಕ್ಸಿಕೋ ದುಂಬಿ ತಂದು ಬೆಂಗಳೂರಾಗ ಬಿಟ್ರು, ಮಳಿಗಾಲದಾಗ ಅದು ಎಲಿ ತಿಂತೈತಿ, ಕಸ ಮಾತ್ರ ಪೂರಾ ಹೋಗಲಿಲ್ಲ. ಹಿಂತಾ ಕಸಾನ ಆಗಸ್ಟ್ 15 ಬಂತಂದ್ರ ಐದನೆತ್ತೆ ಆರನೆತ್ತೆ ಹುಡುಗ್ರನ್ನ ಸಾಲ ಹಚ್ಚಿ ಬರೇ ಕೈಲೆ ಕೀಳಸತಾರ, ಅದೂ ಹೂ ಬಿಟ್ಟ ಮ್ಯಾಲ! ಮೈಗೆ ಗುರ್ತು ಆಗೂದು ಹಿಂತಾ ಮುಟ್ಟೂದರಿಂದನ ಅಂತ ಮ್ಯಾಲ ಹೇಳೇನಿ. ಮೊದಲ ಮಳಿ ಆಗಿ ಹೂ ಬಿಡೂ ಮುಂಚೆ, ಕೈಗೆ ಗ್ಲೌಸ್ ಬಾಯಿಗೆ ಮಾಸ್ಕ್ ಕೊಟ್ಟು ಪೌರಕಾರ್ಮಿಕರಿಂದ ಕೀಳಸ್ರಿ, ಅವ್ರಿಗೂ ಚರ್ಮ ಐತಿ ಅನ್ನೂದು ನೆನಪಿರ್ಲಿ. ಬೇರು ಸಮೇತ ಹೋಗಬೇಕು, ಕತ್ತರಿಸಿದ್ರ ಮತ್ತ ಚಿಗೀತೈತಿ. ಧಾರವಾಡದಾಗ ಕೃಷಿ ವಿಶ್ವವಿದ್ಯಾಲಯ ಐತಿ, ಕೇಳಿದ್ರ ದಾರಿ ಹೇಳತಾರ.

ಖಾನಾವಳಿ ಮಾತು ಸಣ್ಣದು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) 2020ರ ಲೇಬಲ್ ನಿಯಮದಾಗ ಪ್ಯಾಕೆಟಿನ ಮ್ಯಾಲ ಹಾಲು, ತತ್ತಿ, ಶೇಂಗಾ, ಸೋಯಾ, ಗೋಧಿ ಹಿಂತಾವನ್ನ ಬರೀಬೇಕು, 10 ಅಥವಾ ಹೆಚ್ಚು ಶಾಖಾ ಇದ್ದ ಹೋಟೆಲ್ ಮೆನುದಾಗೂ ತಿಳಸಬೇಕು. ನಮ್ಮ ಖಾನಾವಳಿ, ಗಿರ್ಮಿಟ್ ಗಾಡಿ ಇದ್ರೊಳಗ ಬರಂಗಿಲ್ಲ. ಮತ್ತ ಆ ಪಟ್ಟಿಯೊಳಗ ಎಳ್ಳು ಇಲ್ಲ, ಅಮೆರಿಕದಾಗ 2023ರಿಂದ ಕಡ್ಡಾಯ. ನಾವು ಸಜ್ಜಿ ರೊಟ್ಟಿಗೆ ಎಳ್ಳು ಬಡದು ತಿನ್ನೂ ಮಂದಿ, ಬದ್ನಿಕಾಯಿಗೆ ಶೇಂಗಾ ಎಳ್ಳು ಎರಡೂ ತುಂಬತೀವಿ. ಗ್ರಾಹಕ ಕೇಳಿದ್ರ "ಏನಾಗಂಗಿಲ್ಲ ತಿನ್ರಿ" ಅನ್ನೂ ಬದ್ಲಿ ಏನು ಹಾಕೇವಿ ಅಂತ ಖರೇ ಹೇಳಿದ್ರ ಸಾಕು.

ಕಾಲಂ ಹೆಂಗಿರಬೇಕು ಅನ್ನೂದನ್ನೂ ಬರದ ಕೊಡ್ತೀನಿ, ನಿಮ್ಮ ಆಫೀಸಿಗೆ ಕೆಲಸ ಕಡಿಮಿ ಆಗ್ಲಿ: "ಯಾವುದಾದರೂ ಆಹಾರ, ಔಷಧ ಅಥವಾ ಹುಳದ ಕಡಿತದಿಂದ ಮಗುವಿಗೆ ತುಟಿ ಊತ, ಮೈಮೇಲೆ ಗಾದರಿ, ಉಸಿರಾಟದ ತೊಂದರೆ ಆಗಿದೆಯೇ? ಯಾವುದರಿಂದ? ಯಾವಾಗ? ತೋರಿಸಿದ ವೈದ್ಯರು ಯಾರು?" ಅದರ ಕೆಳಗ ಹತ್ತಿರದ ಪಿಎಚ್‌ಸಿ ನಂಬರ್, 108. ಇದನ್ನ ಒಂದು ಹಾಳಿ ಮ್ಯಾಲ ತಗದು ಬಿಸಿಊಟದ ಅಡಿಗಿ ಮನಿ ಗ್ವಾಡಿಗೆ ಹಚ್ಚಿದ್ರ ಅಡಿಗಿ ಅಕ್ಕೋರಿಗೂ ಗೊತ್ತಾಗತೈತಿ, ಮಾಸ್ತರ ವರ್ಗ ಆದ್ರೂ ಗ್ವಾಡಿ ವರ್ಗ ಆಗಂಗಿಲ್ಲ. ಝೆರಾಕ್ಸ್ ಖರ್ಚು ಇಲಾಖೆಗೆ ಹೊರಿ ಆಗತೈತಿ ಅಂದ್ರ ನಮ್ಮ ಓಣಿಯ ಸಾಲಿಗಳದ್ದು ನಾನ ಮಾಡಿಸಿ ಕೊಡ್ತೀನಿ, ಸಹಿ ಶಿಕ್ಕಾ ನಿಮ್ಮದು ಇರ್ಲಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಮೆಡಿಕಲ್ ಶಾಪಿನಾಂವ